ಮಳೆಗಾಲದ ಸೌತೆಕಾಯಿ ಮತ್ತು ಡ್ರಾಯಿಂಗ್ ಪೀರಿಯಡ್

ಸಂಸ್ಥೆಯ ಶಾಲೆಗಳ ಅಧ್ಯಾಪಕರು ಮತ್ತು ಪಾಲಕರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ



ಬೆಳಗಿನಿಂದ ಈ ವೇದಿಕೆಯಲ್ಲಿ ಗಣಿತ, ವಿಜ್ಞಾನ, ಇಂಗ್ಲಿಷ್ ಸಂಭಾಷಣೆ, ಸ್ಪರ್ಧಾತ್ಮಕ ಪರೀಕ್ಷೆಗಳ ಬಗ್ಗೆ ವಿದ್ವಾಂಸರು ಮಾತನಾಡಿದ್ದಾರೆ. ಡ್ರಾಯಿಂಗ್ ಬಗ್ಗೆ ಹೇಳಲು ನನಗೆ ಊಟಕ್ಕೆ ಮುಂಚಿನ ಅರ್ಧ ಗಂಟೆ ಸಿಕ್ಕಿದೆ. ನನಗೇನೂ ಬೇಸರವಿಲ್ಲ. ಶಾಲೆಯ ಟೈಮ್ ಟೇಬಲ್‌ನಲ್ಲೂ ಡ್ರಾಯಿಂಗಿಗೆ ಸಿಗುವುದು ಇಂಥದೇ ಜಾಗ. ಅದರಲ್ಲೂ ಪೋರ್ಷನ್ ಮುಗಿಯಲಿಲ್ಲವೆಂದು ಗಣಿತದ ಅಧ್ಯಾಪಕರು ಬಂದು ಬಾಗಿಲಲ್ಲಿ ನಿಂತರೆ ನಾವು ಪೀರಿಯಡ್ ಬಿಟ್ಟುಕೊಡುತ್ತೇವೆ. ಇಂದು ಯಾರೂ ಬಾಗಿಲಲ್ಲಿ ಕಾಣಿಸುತ್ತಿಲ್ಲ, ಆದ್ದರಿಂದ ಶುರುಮಾಡುತ್ತೇನೆ.

ನೀವು ಮನೆಗೆ ಹೋದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ನಿಮ್ಮ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು, ನಿನಗೆ ಇಷ್ಟ ಬಂದ ಚಿತ್ರ ಬಿಡಿಸು ಎನ್ನಿ. ಹೆಚ್ಚಿನ ಮಕ್ಕಳು ಬಿಡಿಸುವುದು ಎರಡು ಗುಡ್ಡ, ಅವುಗಳ ನಡುವೆ ಅರ್ಧ ಸೂರ್ಯ, ಕೆಳಗೆ ಹಾವಿನ ಹಾಗೆ ಹರಿಯುವ ಒಂದು ನದಿ, ದಂಡೆಯಲ್ಲಿ ಹಂಚಿನ ಮನೆ, ಒಂದು ತೆಂಗಿನ ಮರ. ನಮ್ಮ ಕರಾವಳಿಯಲ್ಲಿ ಸೂರ್ಯ ಮುಳುಗುವುದು ಸಮುದ್ರದಲ್ಲಿ. ಆ ಮಗು ಅದನ್ನು ಎಷ್ಟೋ ಸಂಜೆ ಕಂಡಿದೆ. ಆದರೂ ಹಾಳೆಯ ಮೇಲೆ ಮಾತ್ರ ಸೂರ್ಯ ಎರಡು ಗುಡ್ಡಗಳ ನಡುವೆಯೇ ಇರುತ್ತಾನೆ. ಇನ್ನು ಹಣ್ಣು ಬಿಡಿಸು ಎಂದರೆ ಸೇಬು ಬರುತ್ತದೆ, ಅದೂ ಕೆಂಪು ಸೇಬು, ಒಂದು ಹಸಿರೆಲೆಯೊಂದಿಗೆ. ನಮ್ಮ ಜಿಲ್ಲೆಯಲ್ಲಿ ಯಾರ ಹಿತ್ತಿಲಲ್ಲೂ ಸೇಬಿನ ಗಿಡವಿಲ್ಲ. ಅದು ಕಾಶ್ಮೀರದಿಂದ, ಹಿಮಾಚಲದಿಂದ ಲಾರಿಯಲ್ಲಿ ಬರುತ್ತದೆ. ಹಿತ್ತಿಲಲ್ಲಿ ಕೊಳೆಯುತ್ತಾ ಬಿದ್ದಿರುವ ಗೇರುಹಣ್ಣನ್ನು, ಅಡುಗೆಮನೆಯ ಮೂಲೆಯಲ್ಲಿ ಮನೆ ತುಂಬಾ ಪರಿಮಳ ಹರಡುತ್ತಿರುವ ಹಲಸನ್ನು ಯಾವ ಮಗುವೂ ಬಿಡಿಸುವುದಿಲ್ಲ.

ಇದು ಮಕ್ಕಳ ದಡ್ಡತನವಲ್ಲ. ಅವರಿಗೆ ನಾವು ಕಲಿಸಿದ್ದು ಚಿತ್ರವನ್ನು ನೋಡಿ ಚಿತ್ರ ಬಿಡಿಸುವುದನ್ನು. ಪುಸ್ತಕದಲ್ಲಿದೆ, ಬೋರ್ಡಿನ ಮೇಲಿದೆ, ಈಗ ಮೊಬೈಲಿನಲ್ಲಿದೆ, ಅದನ್ನು ನಕಲು ಮಾಡು ಎಂದೆವು. ವಸ್ತುವನ್ನು ಎದುರಿಗಿಟ್ಟು, ಇದನ್ನು ನೋಡು ಎಂದು ಹೇಳಿದ್ದು ಕಡಿಮೆ. ವಸ್ತುವನ್ನು ಎದುರಿಗಿಟ್ಟು ಬಿಡಿಸುವ ಚಿತ್ರಕ್ಕೆ ನಾವು ವಸ್ತುಚಿತ್ರ ಎನ್ನುತ್ತೇವೆ, ಇಂಗ್ಲಿಷಿನಲ್ಲಿ ಸ್ಟಿಲ್ ಲೈಫ್. ನಾನು ಇಂದು ಹೇಳಲು ಬಂದಿರುವುದು ಅದರಲ್ಲೂ ಒಂದು ಬಗೆಯ ಪಾಠದ ಬಗ್ಗೆ. ಆಯಾ ಕಾಲದಲ್ಲಿ ನಮ್ಮ ಊರಲ್ಲಿ ಸಿಗುವ ಹಣ್ಣು, ಕಾಯಿ, ಸೊಪ್ಪುಗಳನ್ನೇ ತರಗತಿಗೆ ತಂದು, ಹಿಂದಿನ ದೊಡ್ಡ ಕಲಾವಿದರು ಅಂಥವನ್ನು ಹೇಗೆ ನೋಡಿದರೆಂದು ತೋರಿಸಿ, ಮಕ್ಕಳ ಕೈಯಲ್ಲಿ ಬಿಡಿಸಿಸುವ ಪಾಠ ಅದು.

ಒಬ್ಬ ಕಲಾವಿದನಿಂದಲೇ ಆರಂಭಿಸೋಣ. ಸ್ಪೇನ್ ದೇಶದ ತೊಲೆದೊ ನಗರದಲ್ಲಿ ಹುವಾನ್ ಸಾಂಚೆಸ್ ಕೊತಾನ್ ಎಂಬ ಚಿತ್ರಕಾರನಿದ್ದ. 1560ರಲ್ಲಿ ಹುಟ್ಟಿದವನು. ಸುಮಾರು 1602ರಲ್ಲಿ ಅವನು ಬಿಡಿಸಿದ ಒಂದು ಚಿತ್ರ ಈಗ ಅಮೆರಿಕದ ಸ್ಯಾನ್ ಡಿಯಾಗೊ ನಗರದ ಕಲಾ ಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿರುವುದು ಒಂದು ಕಲ್ಲಿನ ಕಿಟಕಿಯಂಥ ಗೂಡು, ಅದರ ಒಳಗೆ ಗಾಢ ಕತ್ತಲೆ. ಎಡಗಡೆ ಮೇಲಿನಿಂದ ನೂಲಿಗೆ ಕಟ್ಟಿ ಇಳಿಬಿಟ್ಟ ಕ್ವಿನ್ಸ್ ಎಂಬ ಹಳದಿ ಹಣ್ಣು. ಯುನಾನಿ ಹಕೀಮರು ಕೆಮ್ಮಿಗೆ ಕೊಡುವ ಬಿಹಿದಾನ ಇದೆಯಲ್ಲ, ಅದು ಈ ಹಣ್ಣಿನ ಬೀಜವೇ. ಅದರ ಪಕ್ಕದಲ್ಲಿ ಸ್ವಲ್ಪ ಕೆಳಗೆ, ಇನ್ನೊಂದು ನೂಲಿನಲ್ಲಿ ತೂಗುವ ಎಲೆಕೋಸು. ಆಮೇಲೆ ಕಟ್ಟೆಯ ಮೇಲೆ ಹೋಳು ಮಾಡಿದ ಕರಬೂಜ, ಕೊನೆಗೆ ಕಟ್ಟೆಯ ಅಂಚಿನಿಂದ ನಮ್ಮ ಕಡೆಗೆ ಚಾಚಿಕೊಂಡಿರುವ ಒಂದು ಸೌತೆಕಾಯಿ. ಇಷ್ಟೇ. ಮನುಷ್ಯರಿಲ್ಲ, ಕಥೆಯಿಲ್ಲ. ಮೇಲಿನ ಹಣ್ಣಿನಿಂದ ಕೆಳಗಿನ ಸೌತೆಕಾಯಿಯವರೆಗೆ ಕಣ್ಣು ಒಂದು ಬಾಗಿದ ಗೆರೆಯಲ್ಲಿ ತಾನಾಗಿ ಇಳಿಯುತ್ತದೆ. ನಾಲ್ಕು ತರಕಾರಿ-ಹಣ್ಣುಗಳನ್ನು ಅಷ್ಟು ಗೌರವದಿಂದ ನೋಡಿದ ಚಿತ್ರ ನಾನು ಬೇರೆ ಕಂಡಿಲ್ಲ.

ಹಣ್ಣನ್ನು ನೂಲಿಗೆ ಕಟ್ಟಿದ್ದು ಬರೀ ಚಂದಕ್ಕಲ್ಲ. ನೆಲಕ್ಕೆ ತಾಗದೆ, ಒಂದಕ್ಕೊಂದು ಒತ್ತದೆ, ಗಾಳಿಯಲ್ಲಿ ತೂಗಿದರೆ ಬೇಗ ಕೆಡುವುದಿಲ್ಲ. ಆ ಕಾಲದ ಸ್ಪೇನಿನ ಮನೆಗಳಲ್ಲಿ ಉಗ್ರಾಣದಲ್ಲಿ ಹೀಗೆ ತೂಗಿಸಿಡುತ್ತಿದ್ದರು. ಇಲ್ಲಿಗೆ ಬಂದಾಗ ನಮ್ಮ ಸಭೆಯಲ್ಲಿರುವ ಹಿರಿಯ ಹೆಂಗಸರ ಮುಖದಲ್ಲಿ ಒಂದು ನಗು ಕಾಣುತ್ತಿದೆ. ಹೌದು, ನಮ್ಮಲ್ಲೂ ಹಾಗೆಯೇ ಅಲ್ಲವೇ? ಬೇಸಿಗೆಯಲ್ಲಿ ಗದ್ದೆಯಲ್ಲಿ ಬೆಳೆದ ಸೌತೆಕಾಯಿ, ನಾವು ಸಾಂಬಾರು ಸೌತೆ ಎನ್ನುತ್ತೇವೆ, ಘಟ್ಟದ ಮೇಲಿನವರು ಮೊಗೆಕಾಯಿ ಎನ್ನುತ್ತಾರೆ, ಅದನ್ನು ಬಾಳೆನಾರಿನಲ್ಲಿ ಹೆಣೆದು ಮಾಡಿನ ಪಕ್ಕಾಸಿಗೆ ಸಾಲಾಗಿ ತೂಗಹಾಕುತ್ತಿದ್ದರು. ಜೂನ್ ತಿಂಗಳಲ್ಲಿ ಮಳೆ ಹಿಡಿದು, ಪೇಟೆಗೆ ಹೋಗುವ ದಾರಿಯಲ್ಲಿ ನೀರು ನಿಂತಾಗ, ದಿನಕ್ಕೊಂದರಂತೆ ಬಿಚ್ಚಿ ಪದಾರ್ಥ ಮಾಡುವುದು. ತೊಲೆದೊದ ಚಿತ್ರಕಾರನಿಗೂ ನಮ್ಮ ಅಜ್ಜಿಯಂದಿರಿಗೂ ಪರಿಚಯವೇ ಇಲ್ಲ, ಆದರೆ ಇಬ್ಬರೂ ಕಟ್ಟಿದ ಗಂಟು ಒಂದೇ.

ನಾನು ಆರನೇ, ಏಳನೇ ತರಗತಿಗೆ ವರ್ಷದ ಮೊದಲ ವಸ್ತುಚಿತ್ರದ ಪಾಠವನ್ನು ಈ ಚಿತ್ರದಿಂದಲೇ ಮಾಡುತ್ತಿದ್ದೆ. ಜೂನ್ ಕೊನೆಯ ವಾರ. ಹೊರಗೆ ಮಳೆ, ತರಗತಿಯಲ್ಲಿ ಒದ್ದೆ ಕೊಡೆಗಳ ವಾಸನೆ. ಮೊದಲು ಚಿತ್ರದ ಒಂದು ದೊಡ್ಡ ಪ್ರತಿಯನ್ನು ತೋರಿಸಿ ಐದು ನಿಮಿಷ ಸುಮ್ಮನಿರುವುದು. ಇದು ಯಾರದು, ಯಾವಾಗಿನದು ಎಂದು ಹೇಳುವುದಕ್ಕಿಂತ ಮೊದಲು, ಏನು ಕಾಣುತ್ತದೆ ಎಂದು ಕೇಳುವುದು. ಸರ್, ಕೋಸು ಬೀಳುವುದಿಲ್ಲವೇ ಎಂದು ಒಬ್ಬ ಕೇಳುತ್ತಾನೆ. ಸೌತೆಕಾಯಿ ಹೊರಗೆ ಬಂದಿದೆ ಎಂದು ಇನ್ನೊಬ್ಬಳು ಹೇಳುತ್ತಾಳೆ. ಹಿಂದೆ ಯಾಕೆ ಕಪ್ಪು ಎಂದು ಮತ್ತೊಬ್ಬ. ಈ ಮೂರು ಪ್ರಶ್ನೆ ಬಂದರೆ ಅರ್ಧ ಪಾಠ ಆದಂತೆ. ತೂಕ, ಮುಂದೆ-ಹಿಂದೆ, ಬೆಳಕು-ಕತ್ತಲು ಮೂರೂ ಅವರ ಬಾಯಿಂದಲೇ ಬಂದವಲ್ಲ!

ಆಮೇಲೆ ನಿಜವಾದ ಸೌತೆಕಾಯಿ. ನಲವತ್ತೈದು ಮಕ್ಕಳ ತರಗತಿಯಲ್ಲಿ ಮೇಜಿನ ಮೇಲೆ ಒಂದು ಸೌತೆಕಾಯಿ ಇಟ್ಟರೆ ಹಿಂದಿನ ಬೆಂಚಿಗೆ ಏನೂ ಕಾಣುವುದಿಲ್ಲ. ಅದಕ್ಕಾಗಿ ಬೆಂಚುಗಳನ್ನು ಸರಿಸಿ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದು ಸೌತೆಕಾಯಿ. ಕಿಟಕಿಯ ಸರಳಿಗೆ ಅಥವಾ ಎರಡು ಕುರ್ಚಿಗಳ ನಡುವೆ ಅಡ್ಡ ಇಟ್ಟ ಕೋಲಿಗೆ ನೂಲಿನಿಂದ ತೂಗಹಾಕಿ. ಹಿಂದೆ ಕತ್ತಲೆ ಬೇಕಲ್ಲವೇ? ಕಿರಾಣಿ ಅಂಗಡಿಯಿಂದ ರಟ್ಟಿನ ಪೆಟ್ಟಿಗೆ ತಂದು, ಒಳಮೈಗೆ ಇದ್ದಿಲು ಹಚ್ಚಿದರೆ ಕೊತಾನನ ಗೂಡು ಸಿದ್ಧ. ಟ್ಯೂಬ್‌ಲೈಟ್ ಆರಿಸಿಬಿಡಿ. ಒಂದೇ ಕಡೆಯ ಕಿಟಕಿಯಿಂದ ಬೆಳಕು ಬರಲಿ. ಮಳೆಗಾಲದ ಬೆಳಕು ಮೆದು, ನೆರಳು ಗಟ್ಟಿಯಾಗಿ ಬೀಳುವುದಿಲ್ಲ, ಆದರೆ ವಸ್ತುವಿನ ಬಣ್ಣ ಆ ಬೆಳಕಿನಲ್ಲಿ ಬಹಳ ಸತ್ಯವಾಗಿ ಕಾಣುತ್ತದೆ.

ಮೊದಲ ಹತ್ತು ನಿಮಿಷ ಪೆನ್ಸಿಲ್ ಮುಟ್ಟುವಂತಿಲ್ಲ. ಕೈಯಲ್ಲಿ ಹಿಡಿದು ನೋಡಲಿ, ಭಾರ ಎಷ್ಟು, ತಂಪೋ ಬಿಸಿಯೋ, ತೊಟ್ಟಿನ ಹತ್ತಿರ ಹೇಗಿದೆ, ಬುಡದಲ್ಲಿ ಹೇಗಿದೆ ಎಂದು. ಅಧ್ಯಾಪಕರಿಗೆ ಈ ಹತ್ತು ನಿಮಿಷವೇ ಕಷ್ಟ. ಗಲಾಟೆ ಆಗುತ್ತದೆ, ಪಕ್ಕದ ತರಗತಿಯಿಂದ ದೂರು ಬರುತ್ತದೆ. ಆದರೂ ಬಿಡಬೇಡಿ. ಬಿಟ್ಟರೆ ಮಗು ತನ್ನ ತಲೆಯಲ್ಲಿರುವ ಸೌತೆಕಾಯಿಯನ್ನೇ ಬಿಡಿಸುತ್ತದೆ. ತಲೆಯಲ್ಲಿರುವುದು ಪುಸ್ತಕದ ಹಸಿರು ಸೌತೆಕಾಯಿ. ಎದುರಿಗಿರುವುದೋ ಅರಿಸಿನದ ಬಣ್ಣದ್ದು, ಮೇಲೆ ಮಾಸಿದ ಹಸಿರು ಪಟ್ಟೆಗಳು, ಗದ್ದೆಯಲ್ಲಿ ಮಣ್ಣಿಗೆ ತಾಗಿ ಮಲಗಿದ್ದ ಕಡೆ ಬಿಳಿಚಿಕೊಂಡ ಒಂದು ಮಚ್ಚೆ. ಸರ್, ಯಾವ ಬಣ್ಣ ಕೊಡಲಿ ಎಂದು ಮಕ್ಕಳು ಬಂದು ಕೇಳುತ್ತಾರೆ. ನನ್ನನ್ನು ಕೇಳಬೇಡ ಮಗಾ, ಹೋಗಿ ಸೌತೆಕಾಯಿಯನ್ನು ಕೇಳು ಎಂದು ನಾನು ವಾಪಸ್ಸು ಕಳುಹಿಸುತ್ತಿದ್ದೆ. ಮೊದಲ ಸಲ ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. ಮೂರನೇ ಪಾಠದ ಹೊತ್ತಿಗೆ ಯಾರೂ ಬಂದು ಕೇಳುವುದಿಲ್ಲ.

ಬಣ್ಣದ ಬಗ್ಗೆ ಒಂದು ಮಾತು, ಮುಖ್ಯವಾಗಿ ಹೊಸ ಅಧ್ಯಾಪಕರಿಗೆ. ನಮ್ಮ ಮಳೆಗಾಲದಲ್ಲಿ ಜಲವರ್ಣ ಒಣಗುವುದೇ ಇಲ್ಲ. ಮಕ್ಕಳು ಒದ್ದೆ ಹಾಳೆಯನ್ನೇ ಬ್ಯಾಗಿಗೆ ತುರುಕಿ ಗಣಿತದ ನೋಟ್‌ಬುಕ್ಕಿಗೂ ಬಣ್ಣ ಹತ್ತಿಸಿಕೊಳ್ಳುತ್ತಾರೆ. ಆದ್ದರಿಂದ ಸೆಪ್ಟೆಂಬರ್‌ವರೆಗೆ ಆಯಿಲ್ ಪಾಸ್ಟೆಲ್ ಸಾಕು. ಹನ್ನೆರಡು ಕಡ್ಡಿಯ ಪೆಟ್ಟಿಗೆ, ನಾಲ್ವರಿಗೆ ಒಂದಾದರೂ ನಡೆಯುತ್ತದೆ. ಪೆಟ್ಟಿಗೆಯಲ್ಲಿರುವ ಹಸಿರನ್ನು ಹಾಗೆಯೇ ಬಳಿಯಬಾರದು, ಹಳದಿಯ ಮೇಲೆ ಹಸಿರು, ಅದರ ಮೇಲೆ ತುಸು ಕಂದು ತಿಕ್ಕಿದರೆ ಸೌತೆಕಾಯಿಯ ಹಸಿರಿಗೆ ಹತ್ತಿರ ಬರುತ್ತದೆ. ನೆರಳಿಗೆ ಕಪ್ಪು ಬೇಡ. ಹಳದಿ ಮೈಯ ನೆರಳಲ್ಲಿ ಸ್ವಲ್ಪ ನೇರಳೆ ಇದೆ, ಕಣ್ಣು ಕಿರಿದು ಮಾಡಿ ನೋಡಿದರೆ ಮಕ್ಕಳಿಗೇ ಕಾಣುತ್ತದೆ. ಜಲವರ್ಣವನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ.

ಪಾಠ ಮುಗಿದ ಮೇಲೆ ನಾಲ್ಕು ಸೌತೆಕಾಯಿಗಳೂ ಬಿಸಿಯೂಟದ ಅಡುಗೆಮನೆಗೆ ಹೋಗಿ ಮರುದಿನ ಸಾಂಬಾರಾಗಿ ಬರುತ್ತಿದ್ದವು. ಇದನ್ನು ನಾನು ನಿಯಮವಾಗಿ ಪಾಲಿಸಿದ್ದೇನೆ. ಆಹಾರವನ್ನು ಚಿತ್ರಕ್ಕೆ ತಂದು ಕಸಕ್ಕೆ ಹಾಕುವ ಪಾಠವನ್ನು ಮಕ್ಕಳಿಗೆ ಮಾಡಬಾರದು. ಆ ದಿನ ಮನೆಗೆಲಸವೂ ಸುಲಭ. ನಿಮ್ಮ ಮನೆಯಲ್ಲಿ ಹಿಂದೆ ಸೌತೆಕಾಯಿ ಎಲ್ಲಿ ತೂಗಹಾಕುತ್ತಿದ್ದರೆಂದು ಅಜ್ಜಿಯನ್ನು ಕೇಳಿ ಬನ್ನಿ, ಅಷ್ಟೇ. ಈಗಿನ ತಾರಸಿ ಮನೆಗಳಲ್ಲಿ ಪಕ್ಕಾಸು ಇಲ್ಲ, ತೂಗಹಾಕುವ ಅಗತ್ಯವೂ ಇಲ್ಲ, ಫ್ರಿಜ್ ಇದೆ. ಮರುದಿನ ಕೆಲವು ಮಕ್ಕಳು ಬಾಳೆನಾರು ಹೆಣೆಯುವುದನ್ನೇ ಕಲಿತುಕೊಂಡು ಬಂದಿರುತ್ತಾರೆ. ಅಜ್ಜಿಯೊಂದಿಗೆ ಮೊಮ್ಮಕ್ಕಳು ಕೂತು ಮಾತಾಡಲು ನಮ್ಮ ಸಿಲಬಸ್‌ನಲ್ಲಿ ಬೇರೆ ಯಾವ ಪಾಠ ಹೇಳುತ್ತದೆ?

ಈಗ ಒಂದು ಪ್ರಶ್ನೆಯನ್ನು ನಾನೇ ಎತ್ತುತ್ತೇನೆ, ಏಕೆಂದರೆ ನೀವು ಸಂಕೋಚದಿಂದ ಎತ್ತಲಿಕ್ಕಿಲ್ಲ. ಚಿತ್ರ ಬಿಡಿಸುವುದು ನಮ್ಮ ಮಕ್ಕಳಿಗೆ ಸರಿಯೇ ಎಂದು ಎಷ್ಟೋ ಪಾಲಕರು ನನ್ನ ಬಳಿ ಒಬ್ಬೊಬ್ಬರೇ ಬಂದು ಕೇಳಿದ್ದಾರೆ. ನಾನು ಆಲಿಮ್ ಅಲ್ಲ, ಫತ್ವಾ ಕೊಡುವವನೂ ಅಲ್ಲ, ಆ ವಿಷಯ ತಿಳಿದವರು ಈ ಸಭೆಯಲ್ಲೇ ಇದ್ದಾರೆ. ಆದರೆ ಚಿತ್ರ ಬರೆದೇ ಹೊಟ್ಟೆ ಹೊರೆಯುತ್ತಿದ್ದ ಒಬ್ಬಾತ ಬಂದು ಕೇಳಿದಾಗ, ಮರಗಳನ್ನು, ಜೀವಾತ್ಮವಿಲ್ಲದ ವಸ್ತುಗಳನ್ನು ಬಿಡಿಸಿಕೋ ಎಂದು ಇಬ್ನ್ ಅಬ್ಬಾಸ್ (ರ) ಅವರು ಹೇಳಿದ್ದು ಸಹೀಹ್ ಬುಖಾರಿಯಲ್ಲಿ ಬಂದಿದೆ. ವಸ್ತುಚಿತ್ರದಲ್ಲಿ ಇರುವುದೆಲ್ಲ ಹಣ್ಣು, ಕಾಯಿ, ಎಲೆ, ಪಾತ್ರೆ, ಬಟ್ಟೆ. ಮನುಷ್ಯರ ಚಿತ್ರದ ಬಗ್ಗೆ ಅನುಮಾನ ಇರುವ ಮನೆಯವರೂ ನೆಮ್ಮದಿಯಿಂದ ಒಪ್ಪಬಹುದಾದ ಪಾಠ ಇದು. ಅನುಮಾನದ ಕಾರಣಕ್ಕೆ ಡ್ರಾಯಿಂಗನ್ನೇ ಪೂರ್ತಿ ನಿಲ್ಲಿಸಿಬಿಟ್ಟರೆ ನಷ್ಟ ನಮ್ಮ ಮಕ್ಕಳಿಗೇ.

ನಮ್ಮ ಪರಂಪರೆಯಲ್ಲೂ ಗಿಡಗಳನ್ನು ನೋಡಿ ಬಿಡಿಸಿದವರ ಸಾಲು ದೊಡ್ಡದಿದೆ. 1620ರ ವಸಂತದಲ್ಲಿ ಜಹಾಂಗೀರ್ ಬಾದಶಹ ಕಾಶ್ಮೀರಕ್ಕೆ ಹೋದ. ಅಲ್ಲಿನ ಹೂಗಳನ್ನು ಕಂಡು ಮರುಳಾಗಿ, ಜೊತೆಯಲ್ಲಿದ್ದ ಉಸ್ತಾದ್ ಮನ್ಸೂರ್ ಎಂಬ ಚಿತ್ರಕಾರನ ಕೈಯಲ್ಲಿ ಅವುಗಳ ಚಿತ್ರ ಮಾಡಿಸಿದ. ಮನ್ಸೂರ್ ಬಿಡಿಸಿದ ಹೂಗಳು ನೂರಕ್ಕೂ ಹೆಚ್ಚು ಎಂದು ಬಾದಶಹ ತನ್ನ ಆತ್ಮಕಥೆಯಲ್ಲಿ ದಾಖಲಿಸಿದ್ದಾನೆ. ಅವುಗಳಲ್ಲಿ ಉಳಿದು ಬಂದದ್ದು ಕೆಲವೇ ಕೆಲವು. ಅದರಲ್ಲೊಂದು ಕೆಂಪು ಟ್ಯುಲಿಪ್ ಹೂಗಳ ಚಿತ್ರ, ಈಗ ಅಲಿಗಢ ಮುಸ್ಲಿಮ್ ವಿಶ್ವವಿದ್ಯಾಲಯದ ಮೌಲಾನಾ ಆಝಾದ್ ಗ್ರಂಥಾಲಯದಲ್ಲಿದೆ. ಇಲ್ಲಿಂದ ಉನ್ನತ ವ್ಯಾಸಂಗಕ್ಕೆ ಅಲಿಗಢಕ್ಕೆ ಹೋಗುವ ಆಸೆಯಿರುವ ವಿದ್ಯಾರ್ಥಿಗಳಿಗೆ ಹೇಳುತ್ತೇನೆ, ಹೋದವರು ಆ ಚಿತ್ರದ ಬಗ್ಗೆ ವಿಚಾರಿಸದೆ ಬರಬೇಡಿ. ಮಕ್ಕಳಿಗೆ ಮನ್ಸೂರನನ್ನು ಪರಿಚಯಿಸಬೇಕಾದದ್ದು ಈ ಕಾರಣಕ್ಕೆ: ಹೂ ಬಾಡುವ ಮೊದಲು ಬಿಡಿಸಿ ಮುಗಿಸಬೇಕು. ವಸಂತ ಯಾರಿಗೂ ಕಾಯುವುದಿಲ್ಲ, ಬಾದಶಹನಿಗೂ ಇಲ್ಲ. ನಮ್ಮ ಮಕ್ಕಳಿಗೆ ಇದಕ್ಕೆ ಟ್ಯುಲಿಪ್ ಬೇಕಿಲ್ಲ. ಬೆಳಗ್ಗೆ ಅರಳಿದ ದಾಸವಾಳ ಸಂಜೆಗೆ ಮುದುಡುತ್ತದೆ, ಅದನ್ನು ಮೊದಲ ಪೀರಿಯಡ್‌ನಲ್ಲಿ ಕೊಟ್ಟು ನೋಡಿ.

ಬಾಡುವುದನ್ನೇ ಬಿಡಿಸಿದವನೂ ಒಬ್ಬನಿದ್ದಾನೆ. ಇಟಲಿಯ ಕಾರವಾಜ್ಜೊ 1590ರ ದಶಕದ ಕೊನೆಯಲ್ಲಿ ಬಿಡಿಸಿದ ಹಣ್ಣಿನ ಬುಟ್ಟಿ ಮಿಲಾನ್ ನಗರದ ಆಂಬ್ರೋಸಿಯಾನ ಸಂಗ್ರಹಾಲಯದಲ್ಲಿದೆ. ಬುಟ್ಟಿಯ ಎದುರಿಗೇ ಇರುವ ಸೇಬಿನಲ್ಲಿ ಹುಳು ಕೊರೆದ ತೂತು. ದ್ರಾಕ್ಷಿಯ ಎಲೆಗಳು ಒಣಗಿ ಸುರುಟಿವೆ, ಕೆಲವು ಎಲೆಗಳಲ್ಲಿ ಕೀಟ ತಿಂದ ಗುರುತು. ನಮ್ಮ ಯಾವ ಡ್ರಾಯಿಂಗ್ ಸ್ಪರ್ಧೆಯಲ್ಲಾದರೂ ಹುಳುಕು ಸೇಬು ಬಿಡಿಸಿದ ಮಗುವಿಗೆ ಬಹುಮಾನ ಬಂದೀತೇ? ಈ ಚಿತ್ರ ತೋರಿಸಿ ನಾನು ಒಂದು ಚಿಪ್ಪು ಬಾಳೆಹಣ್ಣನ್ನು ತರಗತಿಯಲ್ಲಿ ತೂಗಹಾಕುತ್ತಿದ್ದೆ. ಸೋಮವಾರ ಹಸಿರು, ಗುರುವಾರ ಹಳದಿ, ಮುಂದಿನ ಸೋಮವಾರ ಕಪ್ಪು ಚುಕ್ಕೆ. ಒಂದೇ ಹಾಳೆಯನ್ನು ಮೂರು ಭಾಗ ಮಾಡಿ ಮೂರು ದಿನ ಬಿಡಿಸುವುದು. ಮೂರನೇ ಚಿತ್ರಕ್ಕೆ ಹಣ್ಣು ಪೂರ್ತಿ ಉಳಿದಿರುವುದಿಲ್ಲ, ಯಾರೋ ಎರಡು ತಿಂದಿರುತ್ತಾರೆ. ಖಾಲಿಯಾದ ಜಾಗವನ್ನೂ ಬಿಡಿಸಿ ಎನ್ನುತ್ತಿದ್ದೆ. ವಿಜ್ಞಾನದ ಅಧ್ಯಾಪಕರು ಇದೇ ಹಾಳೆಯನ್ನು ಹಣ್ಣು ಮಾಗುವ ಪಾಠಕ್ಕೆ ಎತ್ತಿಕೊಂಡು ಹೋದದ್ದೂ ಉಂಟು.

ಸೇಬಿನ ವಿಷಯಕ್ಕೆ ಮರಳಿ ಬರುತ್ತೇನೆ. ಫ್ರಾನ್ಸಿನ ಸೆಝಾನ್ ಎಂಬ ಮಹಾನ್ ಕಲಾವಿದ ಸೇಬುಗಳನ್ನು ಬಿಡಿಸಿಯೇ ಜಗತ್ಪ್ರಸಿದ್ಧನಾದ. ಅವನು ಎಷ್ಟು ನಿಧಾನವೆಂದರೆ ಚಿತ್ರ ಮುಗಿಯುವಷ್ಟರಲ್ಲಿ ಹಣ್ಣು ಕೊಳೆಯುತ್ತಿತ್ತು, ಹೂಗಳಿಗೆ ಬದಲು ಕಾಗದದ ಹೂ ಇಟ್ಟುಕೊಳ್ಳುತ್ತಿದ್ದ. ಆದರೆ ಅವನು ಸೇಬು ಬಿಡಿಸಿದ್ದು ಅವನ ಊರಿನ ಸುತ್ತ ಅದು ಸಿಗುತ್ತಿದ್ದುದರಿಂದ. ನಾವು ಅವನಿಂದ ಕಲಿಯಬೇಕಾದದ್ದು ಸೇಬನ್ನಲ್ಲ. ಇದಕ್ಕೆ ಉತ್ತಮ ಉದಾಹರಣೆ ಆಲ್ಬರ್ಟ್ ಎಕ್‌ಹೌಟ್ ಎಂಬ ಡಚ್ ಕಲಾವಿದ. 1637ರಿಂದ 1644ರವರೆಗೆ ಅವನು ಬ್ರೆಝಿಲ್‌ನಲ್ಲಿದ್ದ. ಚಳಿ ದೇಶದಿಂದ ಬಂದವನು ಅಲ್ಲಿ ಕುಳಿತು ತನ್ನೂರಿನ ಹಣ್ಣುಗಳನ್ನು ನೆನಪಿನಿಂದ ಬಿಡಿಸಲಿಲ್ಲ. ಕಣ್ಣೆದುರಿಗಿದ್ದ ಅನಾನಸು, ಕಲ್ಲಂಗಡಿ, ತೆಂಗಿನಕಾಯಿಗಳನ್ನು, ಹಿಂದೆ ಮೋಡ ಕವಿದ ಆಕಾಶವಿಟ್ಟು ದೊಡ್ಡದಾಗಿ ಬಿಡಿಸಿದ. ಅಂಥ 12 ಚಿತ್ರಗಳು ಡೆನ್ಮಾರ್ಕಿನ ರಾಷ್ಟ್ರೀಯ ಸಂಗ್ರಹಾಲಯದಲ್ಲಿವೆ. ಅವನ ಇನ್ನೊಂದು ಚಿತ್ರದಲ್ಲಿ ಹಣ್ಣು ಬಿಟ್ಟ ಗೇರುಮರವೇ ನಿಂತಿದೆ. ನಮ್ಮ ಕರಾವಳಿಗೆ ಪೋರ್ಚುಗೀಸರ ಮೂಲಕ ಗೇರು, ಅನಾನಸು ಬಂದದ್ದು ಅದೇ ಬ್ರೆಝಿಲಿನ ಕಡೆಯಿಂದ. ಆ ಚಿತ್ರಗಳನ್ನು ತೋರಿಸಿದರೆ ನಮ್ಮ ಮಕ್ಕಳು, ಇದು ನಮ್ಮ ಊರೇ ಎನ್ನುತ್ತಾರೆ. ತಮ್ಮ ಹಿತ್ತಿಲಿನ ಹಣ್ಣೂ ಸಂಗ್ರಹಾಲಯಕ್ಕೆ ಹೋಗಬಲ್ಲದು ಎಂಬುದು ಅವರಿಗೆ ಹೊಸ ಸುದ್ದಿ.

ತರಕಾರಿಗಳನ್ನು ಜೋಡಿಸಿ ಮನುಷ್ಯನ ಮುಖ ಮಾಡುವ ಪಾಠವೊಂದು ಇತ್ತೀಚೆಗೆ ಬಹಳ ಶಾಲೆಗಳಲ್ಲಿ ನಡೆಯುತ್ತಿದೆ. ಇಟಲಿಯ ಆರ್ಚಿಂಬೋಲ್ದೊ 1563ರಲ್ಲಿ ನಾಲ್ಕು ಋತುಗಳನ್ನು ಹಾಗೆ ಚಿತ್ರಿಸಿದ್ದ, ಅದರ ಅನುಕರಣೆ ಇದು. ಮಕ್ಕಳಿಗೆ ಖುಷಿ, ನಿಜ. ಆದರೆ ಅದರಲ್ಲಿ ಮಗು ಮೂಗನ್ನು ನೋಡುತ್ತದೆ, ಸೌತೆಕಾಯಿಯನ್ನು ನೋಡುವುದಿಲ್ಲ. ನನ್ನ ಮಟ್ಟಿಗೆ ಅದು ವರ್ಷದ ಕೊನೆಯ ದಿನದ ಆಟ.

ಹಲಸಿನ ಪಾಠದ ಬಗ್ಗೆ ಹೇಳದಿದ್ದರೆ ನನ್ನ ಮಾತು ಪೂರ್ತಿಯಾಗುವುದಿಲ್ಲ. ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ತಂದೆ ಬಸ್ ನಿಲ್ದಾಣದ ಬಳಿ ಕೈಗಾಡಿಯಲ್ಲಿ ಹಣ್ಣು ಮಾರುತ್ತಿದ್ದರು. ಶಾಲೆಯಲ್ಲಿ ಆ ಹುಡುಗ ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಸಂಜೆ ಬಸ್ಸಿಗೆ ಹೋಗುವಾಗ ಗೆಳೆಯರೊಂದಿಗಿದ್ದರೆ ರಸ್ತೆಯ ಆಚೆ ಬದಿಯಿಂದ ನಡೆಯುತ್ತಿದ್ದ. ಓದಿನಲ್ಲಿ ಹಿಂದೆ, ಕೊನೆಯ ಬೆಂಚು. ಜೂನ್ ಮೊದಲ ವಾರ ತರಗತಿಗೆ ಒಂದು ಹಲಸಿನ ಹಣ್ಣು ತಂದಿಟ್ಟು, ಇದು ಹಣ್ಣಾಗಿದೆಯೇ ಇಲ್ಲವೇ, ಕೊಯ್ಯದೆ ಹೇಳಿ ಎಂದು ಕೇಳಿದೆ. ಎಲ್ಲರೂ ಮೂಸಿ ನೋಡಿದರು. ಇವನು ಎದ್ದು ಬಂದು ಬೆರಳಲ್ಲಿ ತಟ್ಟಿ ಕಿವಿಯಿಟ್ಟ. ಆಮೇಲೆ ಅಂಗೈಯಿಂದ ಮುಳ್ಳುಗಳನ್ನು ಸವರಿದ. ಬಲಿಯದ ಕಾಯಿಯಲ್ಲಿ ಮುಳ್ಳು ಒತ್ತೊತ್ತಾಗಿ ಚೂಪಾಗಿರುತ್ತದೆ ಸರ್, ಬಲಿತ ಮೇಲೆ ದೂರ ದೂರ ಆಗಿ ಚಪ್ಪಟೆಯಾಗುತ್ತದೆ, ಇದು ನಾಳೆಗೆ ಹಣ್ಣಾಗುತ್ತದೆ ಎಂದ. ಒತ್ತಿ ನೋಡಿ, ಇದು ತುಳುವ ಅಲ್ಲ, ಬಕ್ಕೆ ಎಂದೂ ಸೇರಿಸಿದ. ಮರುದಿನ ಕೊಯ್ದಾಗ ಅವನು ಹೇಳಿದ್ದೇ ಸರಿ. ತೊಳೆ ಎಲ್ಲರಿಗೂ ಹಂಚಿದೆವು, ಮೇಣ ಹತ್ತಿದ ಕೈಗೆ ತೆಂಗಿನೆಣ್ಣೆ ಹಚ್ಚಿದವನೂ ಅವನೇ.

ಆ ದಿನದ ಚಿತ್ರಗಳಲ್ಲಿ ಉಳಿದವರ ಹಲಸಿನ ಮೇಲೆಲ್ಲ ಒಂದೇ ಅಳತೆಯ ಚುಕ್ಕೆಗಳು, ಸಾಲಾಗಿ, ಪುಸ್ತಕದಲ್ಲಿದ್ದಂತೆ. ಇವನ ಚಿತ್ರದಲ್ಲಿ ತೊಟ್ಟಿನ ಹತ್ತಿರ ಮುಳ್ಳು ಸಣ್ಣದು, ಒತ್ತೊತ್ತು. ಹೊಟ್ಟೆಯ ಭಾಗಕ್ಕೆ ಬಂದಂತೆ ಅಗಲ. ಅಂಚಿಗೆ ಬಂದಾಗ ಮುಳ್ಳುಗಳು ಓರೆಯಾಗಿ ಕಾಣುತ್ತವಲ್ಲ, ಅದನ್ನೂ ಹಿಡಿದಿದ್ದ. ಗೆರೆ ಸ್ವಚ್ಛವಿರಲಿಲ್ಲ, ಹಾಳೆ ಕೊಳೆಯಾಗಿತ್ತು. ಆದರೆ ಆ ಹಣ್ಣು ಉರುಟಾಗಿ, ಭಾರವಾಗಿ ಮೇಜಿನ ಮೇಲೆ ಕೂತಿತ್ತು. ಅದನ್ನು ಗೋಡೆಗೆ ಅಂಟಿಸಿದೆ. ಮುಂದಿನ ವಾರಗಳಲ್ಲಿ ಬೇರೆ ಮಕ್ಕಳು ಹಣ್ಣಿನ ವಿಷಯ ಬಂದರೆ ಅವನನ್ನು ಕೇಳತೊಡಗಿದರು. ಅವನು ಕಲಾವಿದನಾಗಲಿಲ್ಲ, ಆಗಬೇಕೆಂದೂ ಇರಲಿಲ್ಲ. ಈಗ ತಂದೆಯ ವ್ಯಾಪಾರವನ್ನೇ ದೊಡ್ಡದು ಮಾಡಿದ್ದಾನೆ. ಅವನ ಅಂಗಡಿಯಲ್ಲಿ ಹಣ್ಣು ಜೋಡಿಸಿದ ರೀತಿ ನೋಡಿದರೆ ನನಗೆ ಸಂತೋಷವಾಗುತ್ತದೆ.

ಲಾಭದ ಲೆಕ್ಕ ಕೇಳುವ ಪಾಲಕರಿಗೂ ಒಂದು ಉತ್ತರ ಕೊಡಬೇಕು. ಎಸ್ಸೆಸ್ಸೆಲ್ಸಿ ವಿಜ್ಞಾನ ಪತ್ರಿಕೆಯಲ್ಲಿ ಚಿತ್ರ ಬರೆದು ಭಾಗ ಗುರುತಿಸಿ ಎಂದು ಬರುತ್ತದೆ, ಅದಕ್ಕೆ ಅಂಕವಿದೆ. ಕಣ್ಣಿನಿಂದ ನೋಡಿ ಕೈಯಿಂದ ಬಿಡಿಸಿ ರೂಢಿಯಿರುವ ಮಗು ಅದನ್ನು ಉರುಹೊಡೆಯಬೇಕಾಗಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಕಲಾಶಿಕ್ಷಣಕ್ಕೆ ಶಾಲೆಯ ಎಲ್ಲ ಹಂತಗಳಲ್ಲಿ ಸ್ಥಾನವಿರಬೇಕೆಂದು ಹೇಳಿತ್ತು. ಕಾಗದದ ಮೇಲೆ ಇದ್ದದ್ದು ಟೈಮ್ ಟೇಬಲ್‌ಗೆ ಇಳಿಯಬೇಕಾದರೆ ಮುಖ್ಯೋಪಾಧ್ಯಾಯರು ಮನಸ್ಸು ಮಾಡಬೇಕು. ಡ್ರಾಯಿಂಗ್ ಅಧ್ಯಾಪಕರಿಲ್ಲದ ಶಾಲೆಯಲ್ಲೂ ಈ ಪಾಠ ನಡೆಯುತ್ತದೆ, ಏಕೆಂದರೆ ಇಲ್ಲಿ ಅಧ್ಯಾಪಕರು ಬಿಡಿಸಿ ತೋರಿಸಬೇಕಾಗಿಲ್ಲ. ಬಿಡಿಸಿ ತೋರಿಸದಿದ್ದರೇ ಒಳ್ಳೆಯದು; ತೋರಿಸಿದರೆ ಮಕ್ಕಳು ಸೌತೆಕಾಯಿ ಬಿಟ್ಟು ಅಧ್ಯಾಪಕರ ಚಿತ್ರವನ್ನು ನಕಲು ಮಾಡುತ್ತಾರೆ.

ಕೊನೆಯದಾಗಿ ಸಂಸ್ಥೆಗೆ ಒಂದು ವಿನಂತಿ. ಪ್ರತಿ ವರ್ಷ ನಮ್ಮ ಸಂಸ್ಥೆ ನಮಾಝ್ ವೇಳಾಪಟ್ಟಿಯೊಂದಿಗೆ ಕ್ಯಾಲೆಂಡರ್ ಅಚ್ಚು ಹಾಕಿಸುತ್ತದೆ, ಅದು ನಮ್ಮ ಹೆಚ್ಚಿನ ಮನೆಗಳ ಗೋಡೆಯ ಮೇಲಿದೆ. ಅದರ ಹನ್ನೆರಡು ಹಾಳೆಗಳಿಗೆ ಎಲ್ಲಿಂದಲೋ ತೆಗೆದ ಜಲಪಾತ, ಗುಲಾಬಿ ಹೂವಿನ ಫೋಟೋ ಬೇಡ. ನಮ್ಮ ಶಾಲೆಗಳ ಮಕ್ಕಳು ಆಯಾ ತಿಂಗಳಲ್ಲಿ, ಎದುರಿಗಿಟ್ಟು ಬಿಡಿಸಿದ ಚಿತ್ರಗಳನ್ನು ಹಾಕೋಣ. ಜನವರಿಗೆ ಮಟ್ಟುಗುಳ್ಳ ಬದನೆ, ಏಪ್ರಿಲ್‌ಗೆ ಗೇರುಹಣ್ಣು, ಮೇ ತಿಂಗಳಿಗೆ ಮಾವು ಮತ್ತು ಪುನರ್ಪುಳಿ, ಜುಲೈಗೆ ಕೆಸುವಿನ ಎಲೆ ಮತ್ತು ಕಣಿಲೆ. ನಮ್ಮ ಹಿಜರಿ ತಿಂಗಳುಗಳು ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತವೆ, ಆದ್ದರಿಂದ ರಮಝಾನ್ ಒಂದು ಕಾಲದಲ್ಲಿ ಕಲ್ಲಂಗಡಿಯ ಹಾಳೆಗೆ ಬರುತ್ತದೆ, ಇನ್ನೊಂದು ಕಾಲದಲ್ಲಿ ಹಲಸಿನ ಹಾಳೆಗೆ. ಇಫ್ತಾರ್ ತಟ್ಟೆಯಲ್ಲಿ ಖರ್ಜೂರದ ಪಕ್ಕ ಇರುವ ಹಣ್ಣು ಯಾವುದೆಂದು ನೋಡಿಯೇ ಮಕ್ಕಳು ಋತುವನ್ನು ಹೇಳಬಲ್ಲರು. ಆ ತಟ್ಟೆಯನ್ನೂ ಬಿಡಿಸಲಿ, ಆದರೆ ಮಗ್ರಿಬ್ ಅಝಾನ್‌ಗೆ ಮುಂಚೆ ಬಿಡಿಸಿ ಮುಗಿಸಬೇಕು. ಅಝಾನ್ ಆದ ಮೇಲೆ ಹಣ್ಣು ಉಳಿಯುವುದಿಲ್ಲ!

ಚಿತ್ರಗಳನ್ನು ಆರಿಸುವಾಗ ಸ್ವಚ್ಛವಾದ ಗೆರೆಯನ್ನು ನೋಡಬೇಡಿ, ಮಗು ವಸ್ತುವನ್ನು ನೋಡಿದೆಯೇ ಎಂದು ನೋಡಿ. ಅದನ್ನು ಗುರುತಿಸುವುದು ಕಷ್ಟವಲ್ಲ. ಪುಸ್ತಕದಲ್ಲಿ ಇರದ ಯಾವುದಾದರೂ ಒಂದು ಗುರುತು, ಒಂದು ಮಚ್ಚೆ, ಒಣಗಿದ ತೊಟ್ಟು, ಹಕ್ಕಿ ಕುಕ್ಕಿದ ಗಾಯ ಚಿತ್ರದಲ್ಲಿ ಇದ್ದೇ ಇರುತ್ತದೆ.

ಜೂನ್ ಹಾಳೆಯ ಪಾಠವನ್ನು ಯಾವ ಶಾಲೆಯವರು ಕರೆದರೂ ನಾನೇ ಬಂದು ಮಾಡುತ್ತೇನೆ. ಸೌತೆಕಾಯಿ ನಾನು ತರುತ್ತೇನೆ, ರಟ್ಟಿನ ಪೆಟ್ಟಿಗೆ ಮತ್ತು ಬಾಳೆನಾರು ನೀವು ಹೊಂದಿಸಿಡಿ.  ಊಟಕ್ಕೆ ಹೊತ್ತಾಯಿತು.